ಆಯ್ಕೆ ಒಬ್ಬರದು, ಖರ್ಚು ಇನ್ನೊಬ್ಬರದು

ಔಷಧದಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ದೃಶ್ಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ವಯಸ್ಸಾದವರೊಬ್ಬರು ಚೀಟಿ ಚಾಚಿ ಬೆಲೆ ಕೇಳುತ್ತಾರೆ. ಜೇಬು ತಡವಿಕೊಂಡು 'ಅರ್ಧ ಕೊಡಿ ಸಾಕು' ಎನ್ನುತ್ತಾರೆ. ಅಕ್ಕಿಯಾಗಿದ್ದರೆ ಅಗ್ಗದ್ದನ್ನು ಕೇಳುತ್ತಿದ್ದರು. ಮದ್ದಿನಲ್ಲೂ ಅಗ್ಗದ್ದು ಇರುತ್ತದೆಂದು ಅವರಿಗೆ ಗೊತ್ತಿಲ್ಲ, ಗೊತ್ತಿದ್ದರೂ ಕೇಳುವ ಧೈರ್ಯವಿಲ್ಲ.

ಔಷಧಕ್ಕೆ ಎರಡು ಹೆಸರುಗಳಿವೆ. ಒಂದು ಅದರ ಮೂಲ ಹೆಸರು, ಅಂದರೆ ಜನರಿಕ್ ಹೆಸರು. ಇನ್ನೊಂದು ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ರಕ್ತದೊತ್ತಡದ ಆಮ್ಲೋಡಿಪಿನ್ ಹತ್ತಾರು ಬ್ರ್ಯಾಂಡ್‌ಗಳಲ್ಲಿ ಹತ್ತಾರು ಬೆಲೆಗೆ ಸಿಗುತ್ತವೆ. ಇಷ್ಟು ತಯಾರಕರಿದ್ದರೆ ಪೈಪೋಟಿಯಿಂದ ಬೆಲೆ ಇಳಿಯಬೇಕಲ್ಲವೇ?

ಇಳಿದ ಉದಾಹರಣೆಯೂ ಇದೆ. ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೆಲೆಯಿದ್ದ ಏಡ್ಸ್ ಔಷಧಗಳನ್ನು 2001ರಲ್ಲಿ ಭಾರತದ ಸಿಪ್ಲಾ ಕಂಪನಿ 350 ಡಾಲರಿಗೆ ಕೊಡಲು ಮುಂದೆ ಬಂತು. ಆದರೆ ಅಲ್ಲಿ ಕೊಳ್ಳುವವರು ಸರಕಾರಗಳು ಮತ್ತು ಸೇವಾ ಸಂಸ್ಥೆಗಳು. ಅವರಿಗೆ ಔಷಧ ಗೊತ್ತಿತ್ತು, ಚೌಕಾಸಿ ಮಾಡುವ ಬಲವಿತ್ತು. ನಮ್ಮ ಅಂಗಡಿಯ ಮುಂದಿನ ವೃದ್ಧರಿಗೆ ಎರಡೂ ಇಲ್ಲ. ಆಯ್ಕೆ ಮಾಡುವವರು ವೈದ್ಯರು, ಹಣ ತೆರುವವರು ರೋಗಿ. ಚೀಟಿಯಲ್ಲಿರುವ ಬ್ರ್ಯಾಂಡ್ ಬದಲಿಗೆ ಬೇರೊಂದನ್ನು ಕೊಡಲು ಅಂಗಡಿಯವರಿಗೂ ನಿಯಮದಲ್ಲಿ ಅವಕಾಶವಿಲ್ಲ. ಹೀಗಿರುವಾಗ ಕಂಪನಿಗಳು ರೋಗಿಯ ಜೇಬಿಗಾಗಿ ಏಕೆ ಪೈಪೋಟಿ ನಡೆಸಬೇಕು? ಅವು ವೈದ್ಯರ ಲೇಖನಿಗಾಗಿ ಪೈಪೋಟಿ ನಡೆಸುತ್ತವೆ.

ಸರಕಾರದ ನೀತಿ ಇದನ್ನು ಸರಿಪಡಿಸಿದೆಯೇ? 1995ರ ಬೆಲೆ ನಿಯಂತ್ರಣ ಆದೇಶದಲ್ಲಿ ತಯಾರಿಕೆಯ ವೆಚ್ಚವನ್ನು ಲೆಕ್ಕ ಹಾಕಿ ಬೆಲೆ ಕಟ್ಟಲಾಗುತ್ತಿತ್ತು. 2013ರ ಆದೇಶ ಆ ಲೆಕ್ಕವನ್ನು ಕೈಬಿಟ್ಟಿತು. ಮಾರುಕಟ್ಟೆಯಲ್ಲಿ ಶೇ. 1ರಷ್ಟಾದರೂ ಪಾಲಿರುವ ಬ್ರ್ಯಾಂಡ್‌ಗಳ ಬೆಲೆಯ ಸರಾಸರಿ ತೆಗೆದು, ಅಂಗಡಿಯವರ ಲಾಭಕ್ಕೆ ಶೇ. 16 ಸೇರಿಸಿದರೆ ಅದೇ ಗರಿಷ್ಠ ಬೆಲೆ. ಅಂದರೆ ಮಾರುವವರು ಮೊದಲೇ ಇಟ್ಟ ಬೆಲೆಯಿಂದಲೇ ಮಿತಿ ಹುಟ್ಟುತ್ತದೆ. ಪಟ್ಟಿಯ ಹೊರಗಿನ ಔಷಧಗಳಿಗೆ ಮಿತಿಯಿಲ್ಲ, ವರ್ಷಕ್ಕೆ ಶೇ. 10ರವರೆಗೆ ಬೆಲೆ ಏರಿಸಬಹುದು. ತೀರಾ ಬಿಗಿಹಿಡಿದರೆ ತಯಾರಕರು ಔಷಧವನ್ನೇ ನಿಲ್ಲಿಸಿಬಿಡುತ್ತಾರೆ ಎಂಬ ವಾದವನ್ನು ಸುಳ್ಳೆನ್ನಲಾಗದು. ಆದರೆ ಮಿತಿ ಹಾಕುವುದು ಬೇರೆ, ಅಗ್ಗದ್ದನ್ನು ಆರಿಸಿಕೊಳ್ಳುವ ಹಕ್ಕು ಕೊಡುವುದು ಬೇರೆ.

2008ರಲ್ಲಿ ಆರಂಭವಾದ ಜನೌಷಧಿ ಮಳಿಗೆಗಳು ಆ ದಿಕ್ಕಿನಲ್ಲಿಟ್ಟ ಒಳ್ಳೆಯ ಹೆಜ್ಜೆ. ಆದರೆ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಷ್ಟೇ ಇದ್ದರೆ ಓದಲು ಬಾರದ ರೋಗಿ ಅಲ್ಲಿ ಏನೆಂದು ಕೇಳಬೇಕು? ಜನರಿಕ್ ಹೆಸರಲ್ಲೇ ಬರೆಯಬೇಕೆಂದು 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮವನ್ನು ಅದೇ ತಿಂಗಳಲ್ಲಿ ತಡೆಹಿಡಿಯಲಾಯಿತು. ಅಗ್ಗದ ಮಾತ್ರೆಯ ಗುಣಮಟ್ಟಕ್ಕೆ ಹೊಣೆ ಯಾರು ಎಂಬುದು ವೈದ್ಯರ ಆಕ್ಷೇಪವಾಗಿತ್ತು.

ಈ ಆಕ್ಷೇಪ ನ್ಯಾಯವಾದದ್ದು. ಕೆಲಸ ಮಾಡದ ಅಗ್ಗದ ಮದ್ದು ಬಡವನಿಗೆ ಮಾಡುವ ಇನ್ನೊಂದು ಮೋಸ. ಆದರೆ ಗುಣಮಟ್ಟ ಪರೀಕ್ಷಿಸುವುದು ಸರಕಾರದ ಕರ್ತವ್ಯ. ಆ ಕರ್ತವ್ಯ ಸರಿಯಾಗಿ ನಡೆಯದಿದ್ದಾಗ ಬ್ರ್ಯಾಂಡ್ ಹೆಸರು ಜಾಮೀನಾಗುತ್ತದೆ, ಜಾಮೀನಿನ ಶುಲ್ಕವನ್ನು ರೋಗಿ ಕಟ್ಟುತ್ತಾನೆ. ತಪ್ಪು ಒಬ್ಬರದು, ದಂಡ ಇನ್ನೊಬ್ಬರಿಗೆ. ಇದು ಯಾವ ನ್ಯಾಯ?

ಇನ್ನೊಬ್ಬರ ಹಣವನ್ನು ಖರ್ಚು ಮಾಡುವ ಅಧಿಕಾರ ಯಾರಿಗಿದೆಯೋ ಅವರ ಮೇಲೆ ಆ ಹಣದ ಹೊಣೆಯೂ ಇದೆ. ಚೀಟಿ ಬರೆಯುವವರಿಗೂ ಬೆಲೆ ಕಟ್ಟುವವರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ಅರ್ಧ ಮದ್ದು ಕೊಂಡು ಮನೆಗೆ ಹೋದ ವೃದ್ಧರ ಕಾಯಿಲೆ ಮಾತ್ರ ಅರ್ಧಕ್ಕೆ ನಿಲ್ಲುವುದಿಲ್ಲ.