ರೆಕ್ಕೆಯ ಮೇಲಣ ಕತ್ತರಿ ಮತ್ತು ಅಹಿಂಸಾಣುವ್ರತ

ಶಿವಮೊಗ್ಗ ಜಿಲ್ಲೆಯ ಹೊಂಬುಜದಂಥ ಪ್ರಾಚೀನ ಕ್ಷೇತ್ರವುಳ್ಳ ದಿಗಂಬರ ಜೈನ ಪರಂಪರೆ ಮನ್ನಿಸುವ ತತ್ತ್ವಾರ್ಥಸೂತ್ರವು, ಗೃಹಸ್ಥನ ಅಹಿಂಸಾಣುವ್ರತಕ್ಕೆ, ಎಂದರೆ ಸಂಸಾರಿಯು ತನ್ನ ಮಿತಿಯಲ್ಲಿ ಪಾಲಿಸುವ ಅಹಿಂಸೆಗೆ, ಐದು ಅತಿಚಾರಗಳನ್ನು ಹೇಳುತ್ತದೆ. ವ್ರತವನ್ನು ಪೂರ್ತಿ ಮುರಿಯದೆ ಮಲಿನಗೊಳಿಸುವ ದೋಷವೇ ಅತಿಚಾರ. ಕಟ್ಟಿಹಾಕುವ ಬಂಧ ಮತ್ತು ಅಂಗ ಕತ್ತರಿಸುವ ಛೇದ ಅವುಗಳಲ್ಲಿ ಸೇರಿವೆ. ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಮನೆಯಲ್ಲಿ ಸಾಕಿದ ಕಾಕಟೀಲ್ ಗಿಳಿಯ ರೆಕ್ಕೆ ಕತ್ತರಿಸುವುದು ಯಾವ ದೋಷ? (ಈ ನೆಲದ ಹಸಿರು ಗಿಳಿಯ ಮಾತು ಬೇರೆ, ಅದನ್ನು ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.)

ಬಲಿತ ಗರಿಯು ಉಗುರಿನಂತೆ ಕೆರಾಟಿನ್‌ನಿಂದಾದದ್ದು. ಕತ್ತರಿಸಿದರೆ ನೋವಿಲ್ಲ, ಹಳೆಯದು ಉದುರಿ ಹೊಸದು ಬಲಿತಾಗ ಹಾರಾಟ ಮರಳುತ್ತದೆ. ಆದರೆ ಇನ್ನೂ ಬೆಳೆಯುತ್ತಿರುವ, ಬುಡ ಕಪ್ಪಾಗಿ ಕಾಣುವ ಎಳೆಗರಿಯಲ್ಲಿ ರಕ್ತ ಹರಿಯುತ್ತಿರುವುದರಿಂದ ಅದಕ್ಕೆ ಕತ್ತರಿ ತಾಗಿದರೆ ನೆತ್ತರು ಸುರಿಯುತ್ತದೆ. ಬಲಿತ ಗರಿಯನ್ನಷ್ಟೇ ಕತ್ತರಿಸಿದವನು ಛೇದದಿಂದ ಪಾರಾದರೂ, ಹಾರಾಟವನ್ನು ಕಟ್ಟಿಹಾಕಿದ್ದರಿಂದ ಬಂಧದಿಂದ ಪಾರಾಗುವುದಿಲ್ಲ.

ತಿರುಗುವ ಫ್ಯಾನು, ಒಲೆಯ ಮೇಲೆ ಕುದಿಯುವ ಸಾರು, ತೆರೆದ ಕಿಟಕಿ ಇವುಗಳಿಂದ ಹಕ್ಕಿಯನ್ನು ಕಾಯಬೇಕೆಂಬ ಸಾಕಿದವರ ವಾದ ಹುರುಳಿಲ್ಲದ್ದಲ್ಲ. ಆದರೂ ಒಂದೇ ಪಕ್ಕದ ಗರಿ ಕಳೆದುಕೊಂಡ ಹಕ್ಕಿ ತೋಲ ತಪ್ಪಿ ಬಿದ್ದು ಎದೆಗೆ ಪೆಟ್ಟು ಮಾಡಿಕೊಳ್ಳಬಹುದು. ಎರಡೂ ಪಕ್ಕ ಕತ್ತರಿಸಿದರೂ ಕಾಕಟೀಲ್‌ನಂಥ ಹಗುರ ಹಕ್ಕಿ ಜೋರು ಗಾಳಿಗೆ ಮನೆಯಾಚೆ ತೇಲಿಹೋಗಬಹುದು. ಅದೇ ಸೂತ್ರಗ್ರಂಥವು ಹಿಂಸೆಯ ಮೂಲವನ್ನು ಪ್ರಮತ್ತಯೋಗದಲ್ಲಿ, ಎಂದರೆ ಎಚ್ಚರಗೇಡಿ ನಡೆಯಲ್ಲಿ, ಕಾಣುವುದರಿಂದ, ಪರೀಕ್ಷೆಗೊಳಗಾಗಬೇಕಾದದ್ದು ಹಕ್ಕಿಯ ರೆಕ್ಕೆಗಿಂತ ಮೊದಲು ಕಿಟಕಿಗೆ ಜಾಲರಿ ಹಾಕದ, ಹಕ್ಕಿಯನ್ನು ಪಂಜರದಿಂದ ಹೊರಬಿಡುವಾಗ ಫ್ಯಾನು ಆರಿಸದ ಮನೆಯವರ ನಡೆ.