ಕ್ಯಾಸೆಟ್ಟಿನೊಳಗಿನ ಮನೆ

ಎಂಬತ್ತು, ತೊಂಬತ್ತರ ದಶಕಗಳಲ್ಲಿ ಗಲ್ಫಿನಿಂದ ಬಂದವರು ಒಂದು ವಿಸಿಆರ್ ತಂದರೆ ಮೊಹಲ್ಲಾಕ್ಕೆಲ್ಲ ಸುದ್ದಿಯಾಗುತ್ತಿತ್ತು. ಈಗ ಅದು ಅಟ್ಟ ಸೇರಿದೆ. ವಿಎಚ್‌ಎಸ್ ಯಂತ್ರವನ್ನು ಜಪಾನಿನ ಜೆವಿಸಿ ಕಂಪೆನಿ 1976ರಲ್ಲಿ ಮಾರುಕಟ್ಟೆಗೆ ತಂದಿತು. ಕೊನೆಯ ತಯಾರಕನೆನಿಸಿದ್ದ ಫುನಾಯ್ 2016ರ ಜುಲೈಯಲ್ಲಿ ಕೈಬಿಟ್ಟಿತು. ಹೊಸದು ಸಿಗದ್ದರಿಂದ, ಹೊಟ್ಟೆಯಲ್ಲಿ ನಿಕಾಹಿನ ಕ್ಯಾಸೆಟ್ ಸಿಕ್ಕಿಕೊಂಡಿರುವ, ಸ್ವಿಚ್ ಒತ್ತಿದರೆ ದೀಪವೂ ಹತ್ತದ ಯಂತ್ರವನ್ನು ಹೊತ್ತುಕೊಂಡು ಜನ ರಿಪೇರಿಯವರನ್ನು ಹುಡುಕುತ್ತಾರೆ.

ಅಂಥ ಹಿರಿಯರೊಬ್ಬರ ಅಂಗಡಿಯಲ್ಲಿ ನಾನು ಕೆಲವು ಸಂಜೆ ಕುಳಿತದ್ದುಂಟು. ಫ್ಯೂಸ್ ಹೋಗಿದ್ದರೆ ಹಲವರು ತಾಮ್ರದ ಒಂದೆಳೆ ಸುತ್ತಿ ಕೈ ತೊಳೆದುಕೊಳ್ಳುತ್ತಾರೆ. ಇವರು ಹಾಗಲ್ಲ. ಫ್ಯೂಸ್ ಸುಮ್ಮನೆ ಸಾಯುವುದಿಲ್ಲ, ಅದನ್ನು ಕೊಂದ ಶಾರ್ಟಾದ ಡಯೋಡೋ ಟ್ರಾನ್ಸಿಸ್ಟರೋ ಸಿಗುವ ತನಕ ಕರೆಂಟು ಕೊಡಬಾರದು ಎನ್ನುತ್ತಾರೆ. ಫ್ಯೂಸ್ ಸರಿಯಿದ್ದೂ ಜೀವ ಬರದಿದ್ದರೆ ಅನುಮಾನ ಪವರ್ ಸಪ್ಲೈಯ ಕೆಪಾಸಿಟರುಗಳ ಮೇಲೆ. ವರ್ಷಗಟ್ಟಲೆ ಪ್ಲಗ್ಗಿನಲ್ಲೇ ಇದ್ದು, ಆಫ್ ಮಾಡಿದಾಗಲೂ ಬೆಚ್ಚಗಿದ್ದು, ಅವುಗಳೊಳಗಿನ ದ್ರವ ಒಣಗಿರುತ್ತದೆ. ಯಂತ್ರವನ್ನು ಎಬ್ಬಿಸುವ ಸಣ್ಣ ಕೆಪಾಸಿಟರಿನ ಬೆಲೆ ಕೆಲವೇ ರೂಪಾಯಿ. ಅದು ಒಣಗಿದರೆ ಇಡೀ ಯಂತ್ರ ಹೆಣ. ದೊಡ್ಡದರ ಸ್ವಭಾವ ಬೇರೆ. ಟ್ರಾನ್ಸ್‌ಫಾರ್ಮರಿನ ಹಳೆಯ ಮಾದರಿಗಳ ನಂತರ ಬಂದ ಸೆಟ್ಟುಗಳಲ್ಲಿ ಅದು 320 ವೋಲ್ಟಿಗೂ ಮಿಕ್ಕಿದ ಡಿಸಿಯನ್ನು ಹಿಡಿದಿಟ್ಟಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು. ಸತ್ತಿದೆಯೆಂದು ಕೈಯಿಟ್ಟವನಿಗೆ ಅದೇ ಉತ್ತರ ಹೇಳುತ್ತದೆ.

ಜೀವ ಬಂದ ಮೇಲೆ ಪರೀಕ್ಷೆಗೆ ಕ್ಯಾಸೆಟ್ ಓಡಿಸಲೇಬೇಕು. ಒಳಗಿರುವುದು ಮದುವೆ ಮನೆಯ ಹೆಂಗಸರ ಕೋಣೆಯ ಚಿತ್ರ. ಮನೆಯವರು ಮಾತ್ರ ನೋಡುತ್ತಾರೆಂಬ ಮಾತಿನ ಮೇಲೆ ಅವರು ಅಂದು ಸೆರಗು ಸರಿಸಿ ನಕ್ಕಿದ್ದರು. ಈ ಹಿರಿಯರು ಮೊದಲು ಲೋಡಿಂಗ್ ಮೋಟಾರನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸಿ, ಟೇಪಿಗೆ ಸುಕ್ಕು ಬೀಳದಂತೆ ಕ್ಯಾಸೆಟ್ ಹೊರತೆಗೆದು ವಾರಸುದಾರರಿಗೆ ಕೊಟ್ಟುಬಿಡುತ್ತಾರೆ. ಪರೀಕ್ಷೆಗೆ ಅವರದೇ ಒಂದು ಹಳೆಯ ಕ್ರಿಕೆಟ್ ಕ್ಯಾಸೆಟ್ ಇದೆ. ಮಲೆನಾಡಿನ ಮಳೆಗೆ ಟೇಪು ಬೂಷ್ಟು ಹಿಡಿದಿದ್ದರೆ ಹೆಡ್ ಕೂಡ ಕೆಡುತ್ತದೆಂಬುದು ಅವರ ಇನ್ನೊಂದು ಕಾರಣ. ದೀನೂ ದುನಿಯಾದ ಲೆಕ್ಕವೂ ಒಂದೇ ದಾರಿ ತೋರಿಸುವುದು ಅಪರೂಪ!

ತೊಡಕು ಶುರುವಾಗುವುದು ಅಲ್ಲಿಂದಾಚೆಗೆ. ಅದನ್ನು ಮೊಬೈಲಿಗೆ ಇಳಿಸಿ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕೋಣ ಎನ್ನುತ್ತಾನೆ ಮೊಮ್ಮಗ. ಹರಾಮು, ಸುಟ್ಟುಬಿಡಿ ಎನ್ನುತ್ತಾರೆ ಇನ್ನೊಬ್ಬರು. ಚಿತ್ರದಲ್ಲಿರುವ ಎಷ್ಟೋ ಹೆಂಗಸರು ಈಗ ಮರ್ಹೂಮ್, ಅವರನ್ನು ಕೇಳುವಂತಿಲ್ಲ. ಅನ್ಯರ ಮನೆಯೊಳಗೆ ಅನುಮತಿಯಿಲ್ಲದೆ ಕಾಲಿಡಬಾರದೆಂದು ಸೂರಃ ಅನ್ನೂರ್ ವಿಧಿಸುತ್ತದೆ. ಆ ಕೋಣೆಯೂ ಮನೆಯೇ ಅಲ್ಲವೇ? ಕ್ಯಾಸೆಟ್ಟಿಗಾದರೂ ಒಂದು ಬಾಗಿಲಿತ್ತು. ನೋಡಬೇಕಾದವರು ಮನೆಗೆ ಬಂದು, ಯಜಮಾನಿಯನ್ನು ಕೇಳಿ, ಚಾಪೆಯ ಮೇಲೆ ಕೂರಬೇಕಿತ್ತು. ಮೊಬೈಲಿಗೆ ಆ ಬಾಗಿಲೂ ಇಲ್ಲ.

ಆದರೆ ಮೂರು ವರ್ಷದವಳಿದ್ದಾಗ ತಾಯಿಯನ್ನು ಕಳೆದುಕೊಂಡ ಮಗಳೊಬ್ಬಳಿಗೆ ಅಮ್ಮಿ ನಡೆದಾಡುವುದು, ಕತ್ತು ತಿರುಗಿಸುವುದು ಆ ಟೇಪಿನಲ್ಲಿ ಮಾತ್ರ ಉಳಿದಿದ್ದರೆ? ಸುಡು ಎನ್ನುವವರು ಅವಳ ಹಕ್ಕನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಮಾನತ್ತಿನ ವಸ್ತುವನ್ನು ಸುಡಲು ಅವರಿಗೆ ಅನುಮತಿ ಕೊಟ್ಟವರಾದರೂ ಯಾರು? ಮಗಳು ನೋಡಲೇಬೇಕೆಂದು ನನಗನ್ನಿಸುತ್ತದೆ. ನಕಲು ಮಾಡುವ ಮೊದಲು ಬದುಕಿರುವ ಖಾಲಾ, ಫೂಫಿಯರನ್ನು ಕರೆದು ಕೂರಿಸಿ ಅವರಿಗೆ ತೋರಿಸಲಿ. ಬೇಡವೆಂದವರ ಭಾಗ ನಕಲಿಗೆ ಇಳಿಯುವುದು ಬೇಡ.