ಮೋಡ ಕಂಡು ಮಳೆ ಎನ್ನುವುದು ಜ್ಞಾನವೇ?

ಬೇಸಿಗೆಯ ಗುಡುಗುಮಳೆಯ ಮುನ್ಸೂಚನೆಯನ್ನು ಇಡೀ ಜಿಲ್ಲೆಗೆ ಕೊಡುತ್ತಾರೆ. ಮಳೆ ಬೀಳುವುದು ಮಾತ್ರ ಊರು ನೋಡಿ. ಏಪ್ರಿಲ್–ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದು ಮೇಲೇರುವ ಗಾಳಿಗೆ ಕಡಲ ಕಡೆಯ ತೇವ ಸೇರಿದರೆ ಇಳಿಹೊತ್ತಿಗೆ ಮೋಡ ಗೋಪುರದಂತೆ ಬೆಳೆದು ನಿಲ್ಲುತ್ತದೆ. ಇಂಥ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರು, ಆಯುಸ್ಸು ಸಾಮಾನ್ಯವಾಗಿ ಒಂದು ಗಂಟೆಯೊಳಗೆ. ಆದ್ದರಿಂದ ಬಳ್ಳಾರಿ ನಗರದ ಕಂಟೋನ್ಮೆಂಟಿನಲ್ಲಿ ಬಿರುಗಾಳಿಗೆ ಮರ ಉರುಳಿದ ಸಂಜೆಯೇ ಅದೇ ಜಿಲ್ಲೆಯ ಕುರುಗೋಡಿನಲ್ಲಿ ಒಂದು ಹನಿಯೂ ಬೀಳದಿರಬಹುದು. ಸಿರುಗುಪ್ಪದಲ್ಲಿ ಆಲಿಕಲ್ಲಿಗೆ ಕೊಯ್ಲಿಗೆ ಬಂದ ಭತ್ತ ಉದುರಿಹೋಗಬಹುದು. ‘ಜಿಲ್ಲೆಯ ಅಲ್ಲಲ್ಲಿ ಗುಡುಗು ಸಹಿತ ಮಳೆ’ ಎಂಬ ಮಾತು ಒಣಗಿ ಉಳಿದ ಊರಿನ ಮಟ್ಟಿಗೆ ಸುಳ್ಳೇ? ಸುಳ್ಳಲ್ಲದಿದ್ದರೆ ಅದು ಜ್ಞಾನವೇ?

ಈ ಪ್ರಶ್ನೆ ಹೊಸದಲ್ಲ. ತರ್ಕಗ್ರಂಥವಾದ ಗೌತಮನ ನ್ಯಾಯಸೂತ್ರ ಅನುಮಾನವನ್ನು, ಎಂದರೆ ಗುರುತು ಕಂಡು ಕಾಣದ್ದನ್ನು ತಿಳಿಯುವುದನ್ನು, ಮೂರು ಬಗೆಯಾಗಿ ವಿಂಗಡಿಸುತ್ತದೆ. ಇಲ್ಲಿಗೆ ಬೇಕಾದವು ಮೊದಲ ಎರಡು. ಮೊದಲನೆಯದು ಪೂರ್ವವತ್, ಎಂದರೆ ಕಾರಣದಿಂದ ಕಾರ್ಯವನ್ನು ಊಹಿಸುವುದು. ಇದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉದಾಹರಣೆಯೇ ಮೋಡ ಏರಿದ್ದನ್ನು ಕಂಡು ಮಳೆ ಬರುತ್ತದೆ ಎನ್ನುವುದು. ಎರಡನೆಯದು ಶೇಷವತ್: ಹೊಳೆ ತುಂಬಿ ಬಂದದ್ದನ್ನು ಕಂಡು ಮೇಲೆ ಮಳೆಯಾಗಿದೆ ಎನ್ನುವುದು. ಆಕ್ಷೇಪವೂ ಅದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ. ನೀರಿಗೆ ತಡೆ ಬಿದ್ದರೂ ಹೊಳೆ ಏರುತ್ತದೆ. ಮಳೆಯ ಮುನ್ಸುಳಿವಿಗಷ್ಟೇ ಅಲ್ಲ, ಗೂಡು ಕೆಟ್ಟರೂ ಇರುವೆ ಮೊಟ್ಟೆ ಹೊತ್ತು ಹೊರಡುತ್ತದೆ. ನವಿಲಿನ ಕೂಗನ್ನು ಮನುಷ್ಯನೂ ಕೂಗಬಲ್ಲ. ಹಾಗಿದ್ದರೆ ಅನುಮಾನ ಪ್ರಮಾಣವಲ್ಲ, ನೆಚ್ಚಬಹುದಾದ ಜ್ಞಾನಸಾಧನವಲ್ಲ ಎಂಬುದು ಆಕ್ಷೇಪ. ತುಂಗಭದ್ರೆಯ ದಂಡೆಯವರಿಗೆ ಈ ಆಕ್ಷೇಪ ಬರಿಯ ತರ್ಕವಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಕೆಳಗೆ ಹೊಳೆ ಏರಿದ್ದು ಗೇಟಿನಿಂದಾಗಿ, ಅಂದಿನ ಮಳೆಯಿಂದಲ್ಲ. ನೈಯಾಯಿಕರ ಉತ್ತರ ಗಟ್ಟಿಯಾದದ್ದು: ತಡೆಯಿಂದ ಏರಿದ ನೀರು ಬೇರೆ, ನೊರೆ, ಎಲೆ, ಕಟ್ಟಿಗೆಗಳನ್ನು ಹೊತ್ತು ರಭಸದಿಂದ ಬರುವ ನೆರೆ ಬೇರೆ. ಗುರುತಲ್ಲದ್ದನ್ನು ಗುರುತೆಂದು ಹಿಡಿದವನ ತಪ್ಪನ್ನು ಅನುಮಾನದ ಮೇಲೆ ಹೊರಿಸಬಾರದು.

ಹವಾಮಾನ ಇಲಾಖೆಯ ಪರಿಭಾಷೆಯಲ್ಲೂ ಇಂಥದೇ ಎಚ್ಚರವಿದೆ. ‘ಅಲ್ಲಲ್ಲಿ’ ಎಂದರೆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ 25ರಲ್ಲಿ ಮಳೆ. ಅದಕ್ಕಿಂತ ವ್ಯಾಪಕವಾದ ಮಳೆಗೆ ಬೇರೆ ಬೇರೆ ಪದಗಳಿವೆ. ಕನಿಷ್ಠ ಮುಕ್ಕಾಲು ಪಾಲು ಕೇಂದ್ರಗಳು ಒಣಗಿರುತ್ತವೆ ಎಂಬುದನ್ನೂ ಆ ಮಾತೇ ಹೇಳಿರುತ್ತದೆ. ಕುರುಗೋಡು ಒಣಗಿದ್ದಕ್ಕೆ ಅದು ಸುಳ್ಳಾಗುವುದಿಲ್ಲ. ಎಲ್ಲಿಯೂ ಬೀಳದಿದ್ದರೆ ಅಥವಾ ಅರ್ಧಕ್ಕರ್ಧ ಕೇಂದ್ರಗಳಲ್ಲಿ ಬಿದ್ದರೆ ಆಗ ಸುಳ್ಳು.

ಮೈಲಾರದ ಜಾತ್ರೆಯ ಕಾರಣಿಕವೆಂಬ ಭವಿಷ್ಯನುಡಿಗೂ ಈ ಮುನ್ಸೂಚನೆಗೂ ಇರುವ ಅಂತರ ಇಲ್ಲಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗುವವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ನುಡಿ ನುಡಿಯುತ್ತಾನೆ. ಮಳೆ, ಬೆಳೆ, ರಾಜ್ಯದ ಆಗುಹೋಗುಗಳನ್ನು ಭಕ್ತರು ಅದರಲ್ಲಿ ಬಿಡಿಸಿ ಓದಿಕೊಳ್ಳುತ್ತಾರೆ. ಅದು ದೈವದ ನುಡಿ ಎಂಬ ನಂಬಿಕೆಯ ಮೇಲೆ ನಿಂತ ಶಬ್ದ, ಎಂದರೆ ನೆಚ್ಚಿದವರ ಮಾತಿನಿಂದ ಬರುವ ತಿಳಿವು; ಅದರ ಅರ್ಥ ವರ್ಷವಿಡೀ ತೆರೆದುಕೊಳ್ಳುತ್ತ ಹೋಗುತ್ತದೆ. ಮುನ್ಸೂಚನೆ ತಾನು ಎಲ್ಲಿ ಸೋಲಬಹುದೆಂದು ಮೊದಲೇ ಹೇಳಿ ಪರೀಕ್ಷೆಗೆ ನಿಲ್ಲುತ್ತದೆ. ಕಾರಣಿಕವನ್ನು ಶೇಕಡಾವಾರು ಅಳೆಯುವುದೂ ಸರಿಯಲ್ಲ, ಮುನ್ಸೂಚನೆಯನ್ನು ದೈವವಾಣಿಯಂತೆ ಕೇಳುವುದೂ ಸರಿಯಲ್ಲ.

ಪರೀಕ್ಷೆಯಾದರೂ ಹೇಗೆ? ಜ್ಞಾನದ ನೆಲೆ ಕಾಣುವುದು ಅದನ್ನು ನೆಚ್ಚಿ ಮಾಡಿದ ಕೆಲಸ ಫಲಿಸಿದಾಗ ಎಂದು ವಾತ್ಸ್ಯಾಯನ ಭಾಷ್ಯದ ಆರಂಭದಲ್ಲೇ ಹೇಳುತ್ತಾನೆ. ಗುಡುಗುಮಳೆಯಲ್ಲಿ ಒಂದು ದಿನದ ಫಲ ಸಾಲದು. ‘ಸಂಭವ’ ಎಂದು ಹೇಳಿದ ಮತ್ತು ಹೇಳದ ನೂರಾರು ದಿನಗಳನ್ನು ಒಟ್ಟಿಗಿಟ್ಟು, ಹೇಳಿದಾಗ ಎಷ್ಟು ಸಲ ಬಂತು, ಹೇಳದೆ ಎಷ್ಟು ಸಲ ಬಂತು ಎಂದು ಎಣಿಸಬೇಕು. ರೈತನಿಗೆ ಅಷ್ಟು ಕಾಯುವ ಪುರಸೊತ್ತಿಲ್ಲ. ಮುಂದಿನ ಮೂರು ಗಂಟೆಯ ಎಚ್ಚರಿಕೆ ಬಂದಾಗ ಅವನು ಕಣದ ಭತ್ತಕ್ಕೆ ತಾಡಪಾಲು ಹೊದಿಸುತ್ತಾನೆ, ಬಯಲಲ್ಲಿದ್ದವರನ್ನು ಮರದಡಿ ನಿಲ್ಲಿಸದೆ ಮನೆಗೆ ಕರೆಯುತ್ತಾನೆ. ಮಳೆ ಬಾರದಿದ್ದರೆ ಹೋಗುವುದು ಒಂದು ಗಳಿಗೆಯ ದುಡಿಮೆ. ಬಂದರೆ ಉಳಿಯುವುದು ಬೆಳೆ ಮತ್ತು ಜೀವ.